ಅಂಟು ಹಿಡಿಯದ ಜಲ್ಲಿಕಲ್ಲು

ಪವಾಡ, ಮಹಿಮೆ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುವ ಜಾತಿ ನನ್ನದು. ಈಗಲೂ ಹೆಚ್ಚು ಬದಲಾಗಿಲ್ಲ. ಆದರೆ ಆ ಒಂದು ಕಲ್ಲಿನ ವಿಷಯ ಬಂದರೆ ಇವತ್ತಿಗೂ ಮೈ ಉರಿಯುತ್ತದೆ.

ತೊಂಬತ್ತರ ದಶಕದ ಮಾತು. ರೈಲೇ ಇಲ್ಲದ ಗುಂಡ್ಲುಪೇಟೆಯಿಂದ ದಿನಾ ಬಸ್ಸು ಹಿಡಿದು ಚಾಮರಾಜನಗರಕ್ಕೆ ಹೋಗಿ ರೈಲು ಹಳಿಯ ಕೆಲಸ ಮಾಡುತ್ತಿದ್ದೆ. ಹಳಿಯಡಿಯ ಜಲ್ಲಿ ಜರುಗದಂತೆ ಪಾಲಿಮರ್ ಅಂಟು ಸುರಿದು ಬಿಗಿ ಮಾಡುವ ಪ್ರಯೋಗ ನಮ್ಮ ಕಂಪನಿಯದು. ಊರಾಚೆ ಪದೇ ಪದೇ ಕುಸಿಯುವ ಒಂದು ಜಾಗ ಕೊಟ್ಟಿದ್ದರು. ರೈಲ್ವೆ ಸಾಹೇಬರು ನೋಡಿ ಒಪ್ಪಿದರೆ ನನ್ನ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ.

ಹಳಿ ರಿಪೇರಿಯ ಗ್ಯಾಂಗಿನವರದು ಒಂದು ಪದ್ಧತಿ. ಕೆಲಸಕ್ಕೆ ಮುಂಚೆ ಹಳಿಯಿಂದ ಒಂದು ಜಲ್ಲಿಕಲ್ಲು ತೆಗೆದು, ಎಣ್ಣೆ, ಅರಿಸಿನ ಬಳಿದು ಹೊಂಗೆ ಮರದಡಿ ಪೂಜೆಗಿಡುತ್ತಾರೆ. ಆಮೇಲೆ ಅದನ್ನು ಮತ್ತೆ ಅದೇ ಜಾಗಕ್ಕೆ ಸೇರಿಸಬೇಕು. ಗ್ಯಾಂಗಿನ ಹಿರಿಯ ಸಿದ್ದಯ್ಯ, "ವಸಿ ತಡೀರಿ ಸಾ, ಕಲ್ಲು ಸೇರ್ಸ್‌ಬುಟ್ಟು ಆಮೇಲೆ ಉಯ್ಯನ" ಎಂದ. ಕಲಸಿದ ಅಂಟು ಪೂಜೆ ಮುಗಿಯಲಿ ಎಂದು ಕಾಯುತ್ತದೆಯೇ? ರೇಗಿ ಸುರಿಸಿಬಿಟ್ಟೆ. ಪೂರ್ತಿ ಗಟ್ಟಿಯಾಗುವವರೆಗೆ ಅಲ್ಲೇ ಕೂತಿದ್ದೆ. ಹೊರಡುವಾಗಲೂ ಆ ಹಳದಿ ಕಲ್ಲು ಮರದಡಿಯಲ್ಲೇ ಇತ್ತು. ಕಣ್ಣಾರೆ ನೋಡಿದ್ದೇನೆ.

ಮರುದಿನ ಸಾಹೇಬರ ಜೊತೆ ಹೋದರೆ, ಅದು ಹಳಿಯ ನಡುವೆ ಹಾಯಾಗಿ ಕೂತಿತ್ತು! ಅಷ್ಟೊಂದು ಜಲ್ಲಿಯಲ್ಲಿ ಅವರು ಬಗ್ಗಿ ಹಿಡಿದದ್ದೂ ಅದನ್ನೇ. ಸಲೀಸಾಗಿ ಕೈಗೆ ಬಂತು. "ಇದೇನ್ರೀ ನಿಮ್ಮ ಅಂಟು?" ಎಂದು ಅದನ್ನು ನನ್ನ ಅಂಗೈಗೆ ಹಾಕಿ ಜೀಪು ಹತ್ತಿದರು. ಉಳಿದ ಕಲ್ಲುಗಳನ್ನು ಹಾರೆಯಿಂದ ಮೀಟಿದೆ, ಒಂದೂ ಅಲ್ಲಾಡಲಿಲ್ಲ. ಆದರೆ ನೋಡುವವರು ಯಾರು?

ಸಿದ್ದಯ್ಯನ ಮೇಲೆ ಹರಿಹಾಯ್ದೆ. "ನಾ ಮುಟ್ಟೇ ಇಲ್ಲ ಸಾ, ಮಾದಪ್ಪನಾಣೆ. ನಂಗೂ ಎದ್ರಿಕೆ ಆಯ್ತಾ ಅದೆ" ಎಂದು ಕೈಮುಗಿದ. ಮರದಡಿ ನೋಡಿದರೆ ಊದುಬತ್ತಿಯ ಬೂದಿ ಮಾತ್ರ.

ಎಣ್ಣೆ ಬಳಿದ ಕಲ್ಲಿಗೆ ಅಂಟು ಹಿಡಿಯುವುದಿಲ್ಲ, ಹಾಗಾಗಿ ಕಿತ್ತು ಬಂದದ್ದು ಸರಿ. ಆದರೆ ಅದು ಬಿಟ್ಟ ಗುಳಿಯಲ್ಲಿ ಅಂಟು ಕಲ್ಲಿನ ಒಂದೊಂದು ಮೂಲೆಯ ಅಚ್ಚು ತೆಗೆದುಕೊಂಡು ಗಟ್ಟಿಯಾಗಿತ್ತು. ಅಂದರೆ ಸುರಿಯುವಾಗಲೇ ಅದು ಅಲ್ಲಿರಬೇಕು. ಆಗ ಅದು ಮರದಡಿ ಇತ್ತಲ್ಲ!

ಕೆಲಸ ಹೋಯಿತು. ತಿಳಿದವರು ಯಾರಾದರೂ ಹೇಳಲಿ ಎಂದು ಕಲ್ಲನ್ನು ಗುಂಡ್ಲುಪೇಟೆಗೆ ತಂದೆ. ಯಾರೂ ಹೇಳಲಿಲ್ಲ. ಹೆಂಡತಿ ಮಾತ್ರ ಅದನ್ನು ದೇವರ ಗೂಡಿನಲ್ಲಿಟ್ಟಳು. ನನ್ನ ಅನ್ನ ಕಿತ್ತುಕೊಂಡ ಕಲ್ಲಿಗೆ ಸೋಮವಾರ ಸೋಮವಾರ ನನ್ನ ಮನೆಯಲ್ಲೇ ಹೂವು, ಅರಿಸಿನ! ಎಸೆದುಬಿಡೋಣವೆಂದು ಎಷ್ಟೋ ಸಲ ಕೈಗೆತ್ತಿಕೊಂಡಿದ್ದೇನೆ. ಎಸೆದರೆ ಇನ್ನೆಲ್ಲಿ ಹೋಗಿ ಕೂರುತ್ತದೋ ಎಂದು ಮತ್ತೆ ಅಲ್ಲೇ ಇಡುತ್ತೇನೆ.