ತಿಮ್ಮಕ್ಕ ಹೇಳದ ಹೆಸರು

ಎಪ್ಪತ್ತರ ದಶಕದ ಒಂದು ಚುನಾವಣೆ. ರೇಡಿಯೊಗೆ ಮತದಾರರ ಮಾತು ಧ್ವನಿಮುದ್ರಿಸಲು ರಾಮಗಿರಿಗೆ ಹೋಗಿದ್ದೆ. ಹೆಂಗಸೊಬ್ಬಳು ಮೈಕು ಹಿಡಿದು ಬಂದಿದ್ದಾಳೆಂದು ಊರೇ ನೆರೆದಿತ್ತು. ಕುರಿ ಸಾಕುವ ಮನೆಯ ತಿಮ್ಮಕ್ಕ ತಾನಾಗಿಯೇ ಮುಂದೆ ಬಂದು ಕುಳಿತಳು.

“ಹೆರಿಗೆ ನರ್ಸಮ್ಮನ್ನ ಕಳಿಸ್ತೀನಿ ಅಂದೋನು ಈ ಕಡೆ ತಲೆನೇ ಹಾಕಿಲ್ಲ ಕಣ್ರಮ್ಮ. ದೊಡ್ಡ ಮಗಳು ಹೆರಿಗೇಲೇ ಹೋದ್ಲು. ಈಗ ಚಿಕ್ಕೋಳು ತುಂಬಿದ ಬಸುರಿ.”

“ಯಾರು ಹಾಗಂದವರು, ತಿಮ್ಮಕ್ಕ?”

ಅವಳು ಬಾಯಿಗೆ ಸೆರಗು ಹಿಡಿದಳು. “ಅವನ್ದೂ ನಮ್ಮನೆಯೋರ ಹೆಸರೇ. ಗಂಡನ ಹೆಸ್ರು ಹೆಂಗೆ ಹೇಳ್ಲಿ?”

“ಹೇಳೇ ತಿಮ್ಮಿ, ನಿನ್ ಗಂಡ ಕುರಿ ಹಿಂದೆ ಹೋಗ್ಯಾನೆ, ಕೇಳ್ಸಲ್ಲ!” ಎಂದಳು ಪಕ್ಕದ ಅಜ್ಜಿಯೊಬ್ಬಳು.

“ರೇಡಿಯೋದಾಗೆ ಲೋಕಕ್ಕೆಲ್ಲ ಕೇಳ್ಸತೈತಲ್ಲವ್ವ!”

ಎಲ್ಲರೂ ನಕ್ಕರು. ಅವಳ ಕಣ್ಣಲ್ಲಿ ಮಾತ್ರ ನೀರಿತ್ತು. ಕೊನೆಗೆ “ಓಟು ಕೇಳಾಕೆ ಬಂದೋನು” ಎಂದಷ್ಟೇ ಹೇಳಿದಳು.

ಯಾರ ಹೆಸರೂ ಇರಲಿಲ್ಲವಾದ್ದರಿಂದ ನಮ್ಮ ಮೇಲಧಿಕಾರಿಗಳು ಆ ಮಾತಿಗೆ ಕತ್ತರಿ ಹಾಕಲಿಲ್ಲ. ಪ್ರಸಾರವಾದ ವಾರದಲ್ಲೇ ನರ್ಸಮ್ಮ ಊರಿಗೆ ಬಂದಳು. ತಿಮ್ಮಕ್ಕ ಮೊಮ್ಮಗಳನ್ನು ಎತ್ತಿಕೊಂಡಳು. ಆಮೇಲೆ ತಿಳಿಯಿತು, ತಿಮ್ಮಕ್ಕ ಬೈದದ್ದು ತನಗೇ ಎಂದು ಕಣದಲ್ಲಿದ್ದ ಒಬ್ಬೊಬ್ಬರೂ ಅಂದುಕೊಂಡಿದ್ದರಂತೆ.