ಗ್ಲೌಸ್ ಬೇಡವೆಂದ ಮಧ್ಯಾಹ್ನ

ನಾವು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದ ಆ ವರ್ಷಗಳಲ್ಲಿ ಬೇಸಿಗೆ ರಜೆ ಎಂದರೆ ಕೊಲ್ಲಿಯಾಚೆಯ ಹಳೇ ಬೇಸ್‌ಬಾಲ್ ಸ್ಟೇಡಿಯಂ. ಅಪ್ಪನಿಗೆ ಅದರ ಒಳಹೊರಗೆಲ್ಲ ಗೊತ್ತಿತ್ತು. ಕಾರು ಬೇಡ, ರೈಲಿನಲ್ಲೇ ಹೋಗಬೇಕು. ಕೊಲ್ಲಿಯ ಗಾಳಿಗೆ ಜುಲೈ ಆದರೂ ಸ್ವೆಟರ್ ಇರಬೇಕು. ಮೂರನೇ ಬೇಸಿನ ಬದಿ ಮುಂದಿನ ಸಾಲು ಹಿಡಿದರೆ ಆಟಗಾರರ ಬೈಗುಳವೂ ಕೇಳಿಸುತ್ತದೆ. ಆಫೀಸಿಗೆ ಹೊಸದಾಗಿ ಬಂದ ಕನ್ನಡದವರು ಅವರನ್ನು ಕೇಳಿಕೊಂಡೇ ಹೊರಡುತ್ತಿದ್ದರು.

ನನಗಾಗ ಹತ್ತು ವರ್ಷ, ತಂಗಿ ಮೇಘಾಳಿಗೆ ಆರು. ಆ ಮಧ್ಯಾಹ್ನ, ಬೆಳ್ಳುಳ್ಳಿ ಹಾಕಿ ಕರಿದ ಆಲೂಗಡ್ಡೆಯ ವಾಸನೆಯ ನಡುವೆ, ಅಮ್ಮ ಪುಳಿಯೋಗರೆ ಡಬ್ಬಿ ಬಿಚ್ಚಿದ್ದಳು. ನಮ್ಮ ಸಾಲಿನ ಮುಂದೆ ಆಗ ಚೆಂಡು ತಡೆಯುವ ಬಲೆ ಇರಲಿಲ್ಲ. ಪಕ್ಕದ ಸೀಟಿನ ಅಮೆರಿಕನ್ ಅಜ್ಜ ತನ್ನ ಚೀಲದಿಂದ ಇನ್ನೊಂದು ಚರ್ಮದ ಗ್ಲೌಸ್ ತೆಗೆದು, ಚೆಂಡು ಇಲ್ಲಿಗೂ ಬರುತ್ತದೆ, ಮಗುವಿಗೆ ಹಾಕಿ ಎಂದು ಚಾಚಿದ.

"ಅಪ್ಪಾ, ಪ್ಲೀಸ್, ಐ ವಾಂಟ್ ಇಟ್," ಎಂದಳು ಮೇಘಾ.

"ಗ್ಲೌಸ್ ಯಾಕೆ ಪುಟ್ಟಿ? ಮೈಸೂರಲ್ಲಿ ಕ್ರಿಕೆಟ್ ಆಡುವಾಗ ಸ್ಲಿಪ್‌ನಲ್ಲಿ ನಿಂತವನು ನಾನು. ಬರಿಗೈ ಸಾಕು."

"ನಿಂತಿದ್ದು ನಿಜ. ಹಿಡಿದಿದ್ದು ಯಾವಾಗ ಅಂತ ಜೊತೆಗೆ ಆಡ್ತಿದ್ದ ನಿಮ್ಮಣ್ಣನ್ನೇ ಕೇಳ್ಬೇಕು," ಎಂದಳು ಅಮ್ಮ.

"ಇವತ್ತು ನೋಡ್ತಿರು ಕಣೇ!" ಅಪ್ಪ ನಗುತ್ತ ಗ್ಲೌಸ್ ವಾಪಸ್ ಕೊಟ್ಟರು. ನಾನೂ ನಕ್ಕೆ.

ಬ್ಯಾಟಿನ ಸದ್ದಿಗೆ ತಲೆ ಎತ್ತಿದಾಗ ಅಪ್ಪ ಎದ್ದು ಎರಡೂ ಕೈ ಒಡ್ಡಿದ್ದರು. ಚೆಂಡು ನೇರ ಅವರ ಅಂಗೈಗೇ ಬಂತು. ಅಲ್ಲಿ ನಿಲ್ಲದೆ ಚಿಮ್ಮಿ ಮೇಘಾಳ ಎಡಗಿವಿಗೆ ಬಡಿಯಿತು. ಅವಳು ಅಳಲಿಲ್ಲ. ಬಾಯಲ್ಲಿ ಅನ್ನ ಹಾಗೇ ಇತ್ತು.

"ಹಿಡಿದಿದ್ದೆ ಕಣೇ. ಕೈಯಲ್ಲೇ ಇತ್ತು," ಎಂದು ಸ್ಟ್ರೆಚರ್ ಬರುವವರೆಗೂ ಅಪ್ಪ ಅಮ್ಮನಿಗೆ ಹೇಳುತ್ತಲೇ ಇದ್ದರು.

ಮೂರು ದಿನ ಅವಳು ಕಣ್ಣು ತೆರೆಯಲಿಲ್ಲ. ನಾಲ್ಕನೆಯ ದಿನ ತೆರೆದಳು, ನೀರು ಕೇಳಿದಳು. ಎಡಗಿವಿ ಮಾತ್ರ ಮತ್ತೆಂದೂ ಕೇಳಿಸಲಿಲ್ಲ.

ಇಷ್ಟು ವರ್ಷಗಳ ಮೇಲೂ ಫ್ರೀವೇಯಲ್ಲಿ ಕಾರು ಓಡಿಸುವಾಗ ಆ ಕ್ಷಣ ಎದುರು ಬಂದು ನಿಲ್ಲುತ್ತದೆ. ಅವಳು ನನ್ನ ತೋಳಿಗೆ ಎಟುಕುವಷ್ಟೇ ದೂರದಲ್ಲಿದ್ದಳು. ಎಳೆದುಕೊಳ್ಳಬಹುದಿತ್ತು. ಪ್ರತಿಸಲವೂ ಎಳೆದುಕೊಳ್ಳುತ್ತೇನೆ, ಪ್ರತಿಸಲವೂ ತಡವಾಗುತ್ತದೆ. ಇಂಥ ಹಳೇ ಸ್ಟೇಡಿಯಂಗೆ ಹೊರಟವರು ಏನಾದರೂ ಸಲಹೆ ಕೇಳಿದರೆ ನಾನು ಹೇಳುವುದು ಒಂದೇ: ಬಲೆಯ ಹಿಂದೆ ಕೂರಿ.

ಆ ಸ್ಟೇಡಿಯಂನಲ್ಲಿ ಆಡುತ್ತಿದ್ದ ತಂಡ ಈಗ ಊರು ಬಿಟ್ಟಿದೆ. ನನ್ನ ಜೊತೆ ಓದಿದವರು ಅದಕ್ಕಾಗಿ ಕೊರಗುತ್ತಾರೆ. ನನಗೆ ಕೊರಗು ಬರುವುದಿಲ್ಲ. ಮೊನ್ನೆ ಅಡುಗೆಮನೆಯಲ್ಲಿ ಅಪ್ಪ ಮೇಘಾಳ ಎಡಕ್ಕೆ ನಿಂತು, "ಪುಟ್ಟಿ, ಕಾಫಿ ಕೊಡ್ಲಾ?" ಎಂದರು. ಅವಳಿಗೆ ಕೇಳಿಸಲಿಲ್ಲ. ಅವರು ಮತ್ತೆ ಕರೆಯಲಿಲ್ಲ. ಲೋಟ ಹಿಡಿದುಕೊಂಡು, ಮೇಜು ಬಳಸಿ, ಮೆಲ್ಲಗೆ ಅವಳ ಬಲಕ್ಕೆ ಬಂದು ನಿಂತರು.