ಚುಕ್ಕಿಯ ಮೆತ್ತನೆ ದವಡೆ

1999ರಲ್ಲಿ ನಾನು ಅಮೆರಿಕದ ಸನ್ನಿವೇಲ್‌ನ ಒಂದು ಸಣ್ಣ ಪ್ರಾಣಿ ಕ್ಲಿನಿಕ್ಕಿನಲ್ಲಿ ವೆಟರ್ನರಿ ಡಾಕ್ಟರಾಗಿದ್ದೆ. ಬೆಂಗಳೂರಿನಲ್ಲಿ ಓದುವಾಗ ಹಸು, ಎಮ್ಮೆ, ಕುರಿಗಳ ಮೇಲೆ ಕೈ ಪಳಗಿಸಿಕೊಂಡವಳು. ಇಲ್ಲಿಗೆ ಬಂದ ಮೇಲೆ ಹಲ್ಲಿ, ಆಮೆ, ಹಾವುಗಳ ಚಿಕಿತ್ಸೆ ಕಲಿತೆ. ಡಾಟ್‌ಕಾಮ್ ಭರಾಟೆಯ ಕಾಲ ಅದು. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ನಾಯಿ ಸಾಕಲು ಬಿಡುತ್ತಿರಲಿಲ್ಲ, ಬಿಟ್ಟರೂ ನಮ್ಮ ಎಂಜಿನಿಯರುಗಳಿಗೆ ಅದನ್ನು ನೋಡಿಕೊಳ್ಳುವ ಪುರುಸೊತ್ತಿರಲಿಲ್ಲ. ಹಾಗಾಗಿ ಕೆಲವರು ಲೆಪರ್ಡ್ ಗೆಕ್ಕೋ ತಂದುಕೊಳ್ಳುತ್ತಿದ್ದರು. ಗೇಣುದ್ದದ, ಹಳದಿ ಮೈಮೇಲೆ ಕಪ್ಪು ಚುಕ್ಕೆಗಳಿರುವ ಸಾಧು ಹಲ್ಲಿ. ಗೋಡೆ ಹತ್ತಲು ಬಾರದು. ಹಗಲೆಲ್ಲ ಅಡಗಿ ಮಲಗಿ, ಹೊತ್ತು ಮುಳುಗುವಾಗ ಏಳುತ್ತದೆ.

ಅಕ್ಟೋಬರಿನ ಒಂದು ಶನಿವಾರ ವಿದ್ಯಾ ಅಂಥದೊಂದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ತಂದಳು. ಧಾರವಾಡದವಳು, ಮೆನ್ಲೋ ಪಾರ್ಕಿನ ಹೊಸ ಕಂಪನಿಯೊಂದರಲ್ಲಿ ಎಂಜಿನಿಯರು. ಹಲ್ಲಿಗೆ ಚುಕ್ಕಿ ಎಂದು ಹೆಸರಿಟ್ಟಿದ್ದಳು. ಎಂಟು ತಿಂಗಳ ಪ್ರಾಯ, ಇಪ್ಪತ್ತೆರಡು ಗ್ರಾಂ ತೂಕ. ಆ ಪ್ರಾಯಕ್ಕೆ ಅದು ತೀರಾ ಕಡಿಮೆ. ಮೇಜಿನ ಮೇಲೆ ಬಿಟ್ಟರೆ ಹೊಟ್ಟೆ ಎತ್ತಲಾಗದೆ ತೆವಳಿತು. ಮುಂಗಾಲುಗಳು ಬಿಲ್ಲಿನಂತೆ ಬಾಗಿದ್ದವು, ಬೆರಳುಗಳು ಅದುರುತ್ತಿದ್ದವು. ಕೆಳದವಡೆಯನ್ನು ಮೆಲ್ಲಗೆ ಒತ್ತಿದೆ. ರಬ್ಬರಿನಂತೆ ಬಗ್ಗಿತು.

ಎಕ್ಸ್‌ರೇಯಲ್ಲಿ ಮೂಳೆಗಳು ಬೆಳ್ಳಗೆ ಕಾಣುವ ಬದಲು ಹೊಗೆಯಂತೆ ಮಸುಕಾಗಿದ್ದವು. ಇದಕ್ಕೆ ಮೆಟಬಾಲಿಕ್ ಬೋನ್ ಡಿಸೀಸ್ ಎನ್ನುತ್ತಾರೆ. ಊಟದಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ, ಅಥವಾ ಅದನ್ನು ಹೀರಿಕೊಳ್ಳಲು ಬೇಕಾದ ವಿಟಮಿನ್ ಡಿ3 ಇಲ್ಲದಿದ್ದರೆ, ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆದುಕೊಳ್ಳುತ್ತದೆ. ಹಲ್ಲಿ ತಿನ್ನುವ ಹುಳಗಳಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ. ಆದ್ದರಿಂದ ಎರಡೂ ಇರುವ ಪುಡಿಯಲ್ಲಿ ಹುಳಗಳನ್ನು ಹೊರಳಿಸಿ ಕೊಡಬೇಕು. ಪುಡಿ ಮರೆತಿದ್ದಾಳೆ, ಇನ್ನೇನು ಎಂದುಕೊಂಡೆ.

ವಿದ್ಯಾ ಬ್ಯಾಗಿನಿಂದ ನಾಲ್ಕು ಹಾಳೆ ತೆಗೆದಳು. ಯಾವ ದಿನ ಮಿಡತೆಯಂಥ ಜೀವಂತ ಕ್ರಿಕೆಟ್ ಹುಳ ಎಷ್ಟು, ಯಾವ ಪುಡಿ, ಗಾಜಿನ ತೊಟ್ಟಿಯ ಬೆಚ್ಚನೆ ಮೂಲೆಯ ಟೆಂಪರೇಚರ್ ಎಷ್ಟು, ಎಲ್ಲವನ್ನೂ ಬರೆದಿಟ್ಟಿದ್ದಳು. ಪುಡಿ ಸರಿಯಾದದ್ದೇ. ಶಾಖ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್, ಅದೂ ಸರಿ. ನನಗೆ ನಂಬಿಕೆ ಬರಲಿಲ್ಲ. ನಡುವೆ ಮರೆತದ್ದುಂಟೇ ಎಂದು ಎರಡೆರಡು ಸಲ ಕೇಳಿದೆ.

"ಮೇಡಂ, ಒಂದು ದಿನಾನೂ ತಪ್ಪಿಸಿಲ್ಲ," ಎಂದಳು. ಮುಖ ಸಣ್ಣದಾಗಿತ್ತು.

ನಾಲ್ಕು ದಿನ ಕ್ಲಿನಿಕ್ಕಿನಲ್ಲಿಟ್ಟುಕೊಂಡು ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟೆ. ಆಮೇಲೆ ದಿನಾ ಬಾಯಿಗೆ ಹನಿಸಲು ಸಿರಪ್ ಕೊಟ್ಟು ಮನೆಗೆ ಕಳಿಸಿದೆ. ನಡುಕ ನಿಂತಿತು, ಚುಕ್ಕಿ ತಲೆಯೆತ್ತಿ ನಡೆಯಿತು. ಸಿರಪ್ ಮುಗಿದು ಬರೀ ಪುಡಿಗೆ ಮರಳಿದ ಮೂರು ವಾರಕ್ಕೆ ಮತ್ತೆ ಅದೇ ನಡುಕ. ಕಿಡ್ನಿ ಕೆಟ್ಟಿದೆಯೇನೋ ಎಂದು ರಕ್ತ ಪರೀಕ್ಷೆ ಮಾಡಿಸಿದೆ. ಕೆಟ್ಟಿರಲಿಲ್ಲ. ಸಿರಪ್ಪಿನ ಕ್ಯಾಲ್ಸಿಯಂ ಮೈಗೆ ಹತ್ತುತ್ತದೆ, ಪುಡಿಯದು ಹತ್ತುವುದಿಲ್ಲ. ಇದೆಂಥ ವಿಚಿತ್ರ ಎಂದು ಫ್ರೀವೇಯಲ್ಲಿ ಕಾರು ಓಡಿಸುವಾಗಲೂ ಅದೇ ಯೋಚನೆ.

ನವೆಂಬರ್ ಕೊನೆಗೆ ವಿದ್ಯಾ ಮತ್ತೆ ಬಂದಳು. ಈ ಸಲ ಜೊತೆಯಲ್ಲಿ ಧಾರವಾಡದಿಂದ ಬಂದಿದ್ದ ತಾಯಿ ಗಂಗವ್ವನವರಿದ್ದರು. ಎಕ್ಸ್‌ರೇಯಲ್ಲಿ ಹಿಂಗಾಲಿನ ಮೂಳೆ ಹೊಸದಾಗಿ ಬಿರುಕು ಬಿಟ್ಟಿತ್ತು. ಇಂಜೆಕ್ಷನ್ ಕೊಟ್ಟು ನೋವಿಲ್ಲದಂತೆ ಇದನ್ನು ಕಳಿಸಿಕೊಡುವುದು ಒಳ್ಳೆಯದೇ ಎಂದು ವಿದ್ಯಾ ಕೇಳಿದಳು. ನಾನು ಎಕ್ಸ್‌ರೇಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದೆ.

ಆಗ ಗಂಗವ್ವ ಬಾಯಿಬಿಟ್ಟರು. "ನೋಡ್ರಿ ಡಾಕ್ಟ್ರ, ಇಕಿ ಮುಂಜಾನೆ ಹುಳಾ ಬಿಟ್ಟು ಆಫೀಸಿಗೆ ಹೋಗತಾಳ. ಆವಾಗ ಅವು ಹಿಟ್ಟಿನ್ಯಾಗ ಹೊರಳ್ಯಾಡಿದಂಗ ಬೆಳ್ಳಗಿರ್ತಾವು. ನಾ ಉಂಡು ಕೈ ತೊಳಕೊಳ್ಳೂದ್ರಾಗ ಮೈ ನೆಕ್ಕೊಂಡು ಕರ್ರಗ ಆಗಿರ್ತಾವು. ಇದು ಏಳೂದು ಸಂಜಿ ಮುಂದ. ಆ ಪುಡಿ ಇದರ ಹೊಟ್ಟಿಗೆ ಹೆಂಗ ಹೋಗಬೇಕು?"

ಪರಿಚಯದವರಿಲ್ಲದ ಅಪಾರ್ಟ್‌ಮೆಂಟಿನಲ್ಲಿ ಮಾತಿಗೆ ಯಾರೂ ಸಿಗದೆ, ಗಂಗವ್ವ ದಿನವಿಡೀ ಗಾಜಿನ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರಂತೆ.

ಅವತ್ತೇ ಐದು ಕ್ರಿಕೆಟ್ಟುಗಳಿಗೆ ಪುಡಿ ಹಚ್ಚಿ ಗಾಜಿನ ಜಾಡಿಯಲ್ಲಿ ಬಿಟ್ಟೆ. ರೋಗಿಗಳ ನಡುವೆ ಬಿಡುವಾದಾಗಲೆಲ್ಲ ಹೋಗಿ ಇಣುಕಿದೆ. ಮೀಸೆಯನ್ನೂ ಕಾಲುಗಳನ್ನೂ ಬಾಯಿಗೆಳೆದುಕೊಂಡು ಅವು ಒಂದೇ ಸಮನೆ ಉಜ್ಜುತ್ತಿದ್ದವು. ಮಧ್ಯಾಹ್ನಕ್ಕೆ ಮೈಮೇಲೆ ಪುಡಿಯ ಗುರುತು ಅಲ್ಲೊಂದು ಇಲ್ಲೊಂದು, ಉದುರಿದ್ದೆಲ್ಲ ಜಾಡಿಯ ತಳದಲ್ಲಿ. ಇಷ್ಟು ವರ್ಷ ಪುಡಿ ಹಚ್ಚಿ ಎಂದು ಹೇಳಿದವಳು ನಾನೇ. ಹಚ್ಚಿದ ಮೇಲೆ ಅದೇನಾಗುತ್ತದೆ ಎಂದು ಒಮ್ಮೆಯೂ ನೋಡಿರಲಿಲ್ಲ.

ಮದ್ದು ಸುಲಭವಾಗಿತ್ತು. ಮತ್ತೆ ಸಿರಪ್ ಶುರು ಮಾಡಿದೆ. ಕಾಲು ಕೂಡುವವರೆಗೆ ಹತ್ತಲು ಕಲ್ಲು, ಕಟ್ಟಿಗೆ ಏನೂ ಇಡಬೇಡಿ, ನೆಲಕ್ಕೆ ಪೇಪರ್ ಟವಲ್ ಹಾಸಿ ಎಂದೆ. ಕ್ರಿಕೆಟ್ಟುಗಳಿಗೂ ಹಿಂದಿನ ದಿನ ಒಳ್ಳೆಯ ಸೊಪ್ಪು ಹಾಕಬೇಕು, ಹಸಿದ ಹುಳ ತಿಂದರೆ ಹಲ್ಲಿಗೇನೂ ಸಿಗುವುದಿಲ್ಲ. ಪಾಲಕ್ ಆಗಬಹುದೇ ಎಂದು ಗಂಗವ್ವ ಕೇಳಿದರು. ಅದು ಕ್ಯಾಲ್ಸಿಯಂ ಹೀರಿಕೊಳ್ಳಲು ಬಿಡುವುದಿಲ್ಲ, ಬೇಡ ಎಂದೆ. ಮುಖ್ಯವಾಗಿ, ಚುಕ್ಕಿ ಎದ್ದ ಮೇಲೆಯೇ ಪುಡಿ ಹಚ್ಚಿ, ಒಂದೊಂದೇ ಹುಳ ಬಿಟ್ಟು, ತಿಂದದ್ದನ್ನು ಕಣ್ಣಾರೆ ನೋಡಬೇಕಿತ್ತು. ವಿದ್ಯಾ ಮನೆ ಸೇರುವುದು ರಾತ್ರಿ ಒಂಬತ್ತಕ್ಕೆ. ಮೊಟ್ಟೆಯನ್ನೂ ಮುಟ್ಟದ ಗಂಗವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಚಿಮಟಾ ಕೊಡ್ರಿ, ನಾ ಮಾಡತೇನಿ," ಎಂದರು. "ಮಡಿ ಆಮ್ಯಾಲ ನೋಡಿಕೊಂಡ್ರಾತು."

ಫೆಬ್ರವರಿಯ ಎಕ್ಸ್‌ರೇಯಲ್ಲಿ ಮೂಳೆಗಳು ಬೆಳ್ಳಗೆ, ಸ್ಪಷ್ಟವಾಗಿ ಮೂಡಿದ್ದವು. ದವಡೆ ಗಟ್ಟಿಯಾಗಿತ್ತು, ತೂಕ ಮೂವತ್ತೆಂಟು ಗ್ರಾಂ. ಬಾಗಿದ ಮುಂಗಾಲುಗಳು ಮಾತ್ರ ನೆಟ್ಟಗಾಗಲಿಲ್ಲ, ಅವು ಆಗುವುದೂ ಇಲ್ಲ. ಅಂದು ವಿದ್ಯಾಳಿಗೆ, ನಿನ್ನ ಮಾತನ್ನು ನಾನು ನಂಬಬೇಕಿತ್ತು ಎಂದು ಹೇಳಿದೆ. ಅವಳು ನಕ್ಕು, ಹಾಳೆಯಲ್ಲಿ ಬರೆದದ್ದನ್ನು ತಾನೂ ಅತಿಯಾಗಿ ನಂಬಿದ್ದೆ ಎಂದಳು.

ಹೊಸ ರೋಗಿಗಳಿಗಾಗಿ ನಮ್ಮಲ್ಲಿ ಎರಡು ಪುಟದ ಫಾರಂ ಇತ್ತು. ಏನು ಕೊಡುತ್ತೀರಿ, ಎಷ್ಟು ಕೊಡುತ್ತೀರಿ ಎಂಬ ಪ್ರಶ್ನೆಗಳೆಲ್ಲ ಅದರಲ್ಲಿದ್ದವು. ಆ ವಾರ ಕೊನೆಯಲ್ಲೊಂದು ಪ್ರಶ್ನೆ ಸೇರಿಸಿದೆ. ರಿಟೈರಾಗುವವರೆಗೂ ಮೊದಲು ಓದುತ್ತಿದ್ದದ್ದು ಅದರ ಉತ್ತರವನ್ನೇ: ಅದು ತಿನ್ನುವಾಗ ಹತ್ತಿರ ಕೂತು ನೋಡುವವರು ಯಾರು?